ಕಾಗದದ ಮೇಲೆ ಮಿಶ್ರಛಾಪು: ಚಿತ್ರದಲ್ಲಿ ಆವರ್ತನೆ, ಪ್ಯಾಟರ್ನ್, ಲಯ

ಮುಂಬೈಯ ಮಾಟುಂಗದ ಹೂವಿನ ಅಂಗಡಿಗಳ ಮುಂದೆ ನಿಂತು, ಮಲ್ಲಿಗೆ ದಂಡೆ ಕಟ್ಟುವವರ ಬೆರಳುಗಳನ್ನು ಐದು ನಿಮಿಷ ಸುಮ್ಮನೆ ನೋಡಿ. ಎರಡು ಮೊಗ್ಗು ಈಚೆ ಮುಖ, ಎರಡು ಮೊಗ್ಗು ಆಚೆ ಮುಖ, ತೊಟ್ಟುಗಳ ಮೇಲೆ ದಾರದ ಒಂದು ಸುತ್ತು, ಒಂದು ಗಂಟು. ಮತ್ತೆ ಎರಡು, ಮತ್ತೆ ಎರಡು. ಅಷ್ಟು ದೂರಕ್ಕೊಮ್ಮೆ ಒಂದಿಷ್ಟು ಕನಕಾಂಬರ. ಗಂಟುಗಳು ದೂರವಾದರೆ ದಂಡೆ ಬಡಕಲಾಗಿ ದಾರ ಇಣುಕುತ್ತದೆ. ತೀರಾ ಹತ್ತಿರವಾದರೆ ಮೊಗ್ಗುಗಳಿಗೆ ಅರಳಲು ಜಾಗವಿಲ್ಲದೆ ಒಂದರ ಮೇಲೊಂದು ಬಿದ್ದು ನಲುಗುತ್ತವೆ.

ಚಿತ್ರಸಂಯೋಜನೆಯ ಮೂರು ಮಾತುಗಳೂ ಆ ದಂಡೆಯಲ್ಲಿವೆ. ಮೊಗ್ಗು ಮರಳಿ ಮರಳಿ ಬರುವುದು ಆವರ್ತನೆ. ಈಚೆ ಎರಡು, ಆಚೆ ಎರಡು ಎಂಬ ಕಟ್ಟುನಿಟ್ಟು ಪ್ಯಾಟರ್ನ್. ಗಂಟುಗಳ ನಡುವಿನ ದೂರ ಮತ್ತು ಕನಕಾಂಬರ ಬರುವ ಹೊತ್ತು ಸೇರಿ ಲಯ. ಕಲಿಯಲು ಶುರು ಮಾಡಿದವರು ಸಾಮಾನ್ಯವಾಗಿ ಮೊಗ್ಗನ್ನು ಚೆಂದ ಮಾಡಲು ಎಲ್ಲ ಶ್ರಮ ಸುರಿದು, ನಡುವಿನ ತೆರಪನ್ನು ಕಣ್ಣಂದಾಜಿಗೆ ಬಿಟ್ಟುಬಿಡುತ್ತಾರೆ. ಚಿತ್ರ ಸೊರಗುವುದು ಅಲ್ಲೇ. ಹಾಗಾಗಿ ಇಲ್ಲಿನ ಅಭ್ಯಾಸಗಳಲ್ಲೆಲ್ಲ ಮೊದಲು ಅಳೆಯುವುದು ತೆರಪನ್ನು, ಆಮೇಲೆ ಆಕೃತಿಯನ್ನು. ಕರ್ನಾಟಕ ಸಂಗೀತದ ಏಳೆಣಿಕೆಯ ತಾಳವಾದ ಮಿಶ್ರಛಾಪನ್ನು ಕಾಗದಕ್ಕೆ ಇಳಿಸುವುದೂ ಅವುಗಳಲ್ಲೊಂದು.

ಬೇಕಾದ ಸಾಮಾನು

ಎ3 ಅಳತೆಯ (420 × 297 ಮಿಮೀ) ಕಾರ್ಟ್ರಿಡ್ಜ್ ಕಾಗದ (ಚಿತ್ರ ಬಿಡಿಸುವ ದಪ್ಪ ಕಾಗದ) 6 ಹಾಳೆ, ದಪ್ಪ 200 ಜಿಎಸ್ಎಂಗೆ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) ಕಡಿಮೆ ಬೇಡ. ಎಚ್ ಮತ್ತು 2ಬಿ ಪೆನ್ಸಿಲ್, 30 ಸೆಂಮೀ ಸ್ಟೀಲ್ ಸ್ಕೇಲು, ಒಂದು ಮೂಲೆಮಟ್ಟ. ಬಿಳಿ ಪ್ಲಾಸ್ಟಿಕ್ ರಬ್ಬರು 3: ಎರಡು ಅಚ್ಚಿಗೆ, ಒಂದು ಅಳಿಸಲಿಕ್ಕೆ. ಚೂಪಾದ ಕಟರ್ ಬ್ಲೇಡು. ಪೋಸ್ಟರ್ ಬಣ್ಣದಲ್ಲಿ ಕಪ್ಪು, ಕಾವಿ ಕೆಂಪು, ಹಳದಿ ಇಷ್ಟೇ ಸಾಕು. ಪಾತ್ರೆ ತೊಳೆಯುವ ಸ್ಪಂಜಿನ ಒಂದು ತುಂಡು, ಹಳೆಯ ಸ್ಟೀಲ್ ತಟ್ಟೆ.

ಮುಂಬೈಯ ಮಳೆಗಾಲಕ್ಕೆ ಬೇರೆಯೇ ಎಚ್ಚರ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ಗಾಳಿಯ ತೇವ ಕುಡಿದು ಮೆತ್ತಗಾಗುತ್ತದೆ. ಮೇಲ್ಮೈಗೆ ಬಳಿದಿರುವ ಅಂಟಿನ ಲೇಪ ಹಾಳಾದರೆ ಕಾಗದ ಅಲ್ಲಲ್ಲಿ ಮಸಿ ಹೀರುವ ಕಾಗದದಂತೆ ಬಣ್ಣ ಹೀರಿಕೊಂಡು ಕಲೆಕಲೆಯಾಗಿ ಕಾಣುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಡಿ. ಬಳಸುವಾಗ ನಾಲ್ಕೂ ಅಂಚಿಗೆ ಪೇಪರ್ ಟೇಪು ಹಾಕಿ ಹಲಗೆಗೆ ಅಂಟಿಸಿ. ಇಲ್ಲದಿದ್ದರೆ ಕಾಗದ ಉಬ್ಬಿ, ಅಳೆದು ಎಳೆದ ಗೆರೆಗಳೆಲ್ಲ ಒಂದೆರಡು ಮಿಮೀ ಆಚೀಚೆಯಾಗುತ್ತವೆ. ಲಯ ಕೆಡಲು ಅಷ್ಟು ಸಾಕು.

ಮೊದಲು ಎಣಿಸಿ, ಆಮೇಲೆ ಬಿಡಿಸಿ

ಈ ಊರಿನಲ್ಲಿ ಆವರ್ತನೆಗೆ ಬರವಿಲ್ಲ. ಲೋಕಲ್ ರೈಲಿನ ಡಬ್ಬಿಯಲ್ಲಿ ಸಾಲಾಗಿ ತೂಗುವ ಹಿಡಿಕೆಗಳು, ಮಹಾಲಕ್ಷ್ಮಿ ಧೋಬಿ ಘಾಟಿನ ಕಲ್ಲುತೊಟ್ಟಿಗಳು, ವಠಾರದಂಥ ಚಾಳಿನ ಗ್ಯಾಲರಿಯ ಕಟಾಂಜನ, ಮರೀನ್ ಡ್ರೈವಿನ ನಾಲ್ಕು ಕಾಲಿನ ಕಾಂಕ್ರೀಟು ಟೆಟ್ರಾಪಾಡುಗಳು. ಆದರೆ ಶುರುಮಾಡಲು ಓವಲ್ ಮೈದಾನಕ್ಕಿಂತ ಒಳ್ಳೆಯ ಜಾಗ ಇಲ್ಲ. ಚರ್ಚ್‌ಗೇಟ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ. ಮೈದಾನದಲ್ಲಿ ನಿಂತು ಪೂರ್ವಕ್ಕೆ ಮುಖ ಮಾಡಿದರೆ ಹೈಕೋರ್ಟು, ವಿಶ್ವವಿದ್ಯಾಲಯ, 1878ರಲ್ಲಿ ಮುಗಿದ ರಾಜಾಬಾಯಿ ಗೋಪುರ. ಅಲ್ಲಿ ಎಲ್ಲವೂ ಮೇಲೇರುವ ಲಯ: ಚೂಪು ಕಮಾನು, ಸಣ್ಣ ಕಂಬ, ಮತ್ತೆ ಚೂಪು ಕಮಾನು. ಹಿಂದೆ ತಿರುಗಿ ಪಶ್ಚಿಮಕ್ಕೆ ನೋಡಿದರೆ ಆರ್ಟ್ ಡೆಕೊ ಎಂಬ ಇಪ್ಪತ್ತನೇ ಶತಮಾನದ ಶೈಲಿಯ ಮನೆಗಳ ಸಾಲು. ಅಲ್ಲಿರುವುದು ಅಡ್ಡಕ್ಕೆ ಓಡುವ ಲಯ: ಬಾಲ್ಕನಿಯ ಪಟ್ಟಿ, ಕಿಟಕಿಗಳ ಮೇಲೆ ಹುಬ್ಬಿನಂಥ ಸಜ್ಜೆ, ಗೋಡೆಯ ಮೇಲೆ ಜೊತೆಯಾಗಿ ಓಡುವ ಗೆರೆಗಳು. ಎರಡೂ ಸಾಲುಗಳು ಒಟ್ಟಾಗಿ 2018ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಂದೇ ಜಾಗದಲ್ಲಿ ನಿಂತು, ಕತ್ತು ತಿರುಗಿಸಿದರೆ ಎರಡು ಬೇರೆ ತಾಳ ಸಿಗುವುದು ದೊಡ್ಡ ಭಾಗ್ಯ.

ಚಿತ್ರದ ಪುಸ್ತಕದಲ್ಲಿ 85 × 60 ಮಿಮೀ ಚೌಕಟ್ಟುಗಳನ್ನು ಮೊದಲೇ ಎಳೆದುಕೊಂಡು ಹೋಗಿ. ಎ3ರ ಅನುಪಾತವೇ ಇದು, ಹಾಗಾಗಿ ಮುಂದೆ ದೊಡ್ಡದು ಮಾಡುವಾಗ ಚಿತ್ರ ಒಂದೇ ಕಡೆಗೆ ಹಿಗ್ಗಿ ಆಕಾರ ಕೆಡುವುದಿಲ್ಲ. ಪೂರ್ವಕ್ಕೆ 3, ಪಶ್ಚಿಮಕ್ಕೆ 3 ಚಿತ್ರ. ಒಂದೊಂದಕ್ಕೆ 3 ನಿಮಿಷಕ್ಕಿಂತ ಹೆಚ್ಚು ಬೇಡ. ಅಷ್ಟು ಕಡಿಮೆ ಹೊತ್ತಿನಲ್ಲಿ ವಿವರ ಬಿಡಿಸಲಾಗುವುದಿಲ್ಲ, ಅಂತರ ಮಾತ್ರ ಹಿಡಿಯಬಹುದು. ಬೇಕಾದ್ದೂ ಅದೇ. ಪ್ರತಿ ಚಿತ್ರದ ಕೆಳಗೆ ಎಣಿಕೆ ಬರೆಯಿರಿ: ‘ಕಂಬ, 3 ಕಿಟಕಿ, ಕಂಬ, 3 ಕಿಟಕಿ’ ಎಂಬಂತೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ತೊಂದರೆಯಿಲ್ಲ. ಆದರೆ ಎಣಿಸುವ ಕೆಲಸವನ್ನು ಫೋಟೊಗೆ ವಹಿಸಬೇಡಿ. ಕಣ್ಣು ಎಣಿಸಿದ್ದು ಮಾತ್ರ ಕೈಗೆ ಬರುತ್ತದೆ.

ಮನೆ ಹಾಕುವುದು

ಎ3 ಹಾಳೆಯನ್ನು ಅಡ್ಡಲಾಗಿ ಇಡಿ. ಎಡಬಲ 35 ಮಿಮೀ, ಮೇಲೆ ಕೆಳಗೆ 36 ಮಿಮೀ ಅಂಚು ಬಿಟ್ಟರೆ ಒಳಗೆ 350 × 225 ಮಿಮೀ ಉಳಿಯುತ್ತದೆ. 25 ಮಿಮೀ ಚೌಕದಂತೆ ಅಡ್ಡಕ್ಕೆ 14, ಉದ್ದಕ್ಕೆ 9, ಒಟ್ಟು 126 ಮನೆ. ಎಚ್ ಪೆನ್ಸಿಲಿನಲ್ಲಿ, ಕಂಡೂ ಕಾಣದ ಹಾಗೆ ಎಳೆಯಿರಿ. ಒಂದು ಮನೆಯ ಕೊನೆಯಿಂದ ಮುಂದಿನದನ್ನು ಅಳೆಯುತ್ತ ಹೋಗಬೇಡಿ. ಅರ್ಧ ಮಿಮೀ ತಪ್ಪು ಕೂಡಿ ಕೂಡಿ 14ನೇ ಮನೆಗೆ 7 ಮಿಮೀ ಆಗಿರುತ್ತದೆ. ಸ್ಕೇಲನ್ನು ಒಂದೇ ಕಡೆ ಇಟ್ಟು 25, 50, 75, 100 ಎಂದು ಗುರುತು ಹಾಕಿ, 300ರ ಗುರುತಿನಿಂದ ಒಂದೇ ಸಲ ಮುಂದಕ್ಕೆ ಸರಿಸಿ. ಇಂಥ ಹಾಳೆ ಎರಡು ಮಾಡಿಕೊಳ್ಳಿ.

ಅಚ್ಚು ಕೊರೆಯುವುದು

ಆಕೃತಿ 20 ಮಿಮೀ ಚೌಕದೊಳಗೆ ಕೂರಬೇಕು. ಸುತ್ತ ಎರಡೂವರೆ ಮಿಮೀ ಉಳಿದು, ಪಕ್ಕದ ಅಚ್ಚಿಗೂ ಇದಕ್ಕೂ ನಡುವೆ 5 ಮಿಮೀ ತೆರಪು ಸಿಗುತ್ತದೆ. ಮೊಗ್ಗು, ಕಮಾನು, ರೈಲಿನ ಹಿಡಿಕೆ ಯಾವುದಾದರೂ ಆದೀತು, ಆದರೆ ಎಡಬಲ ಒಂದೇ ಆಗಿರದ ಆಕೃತಿ ಇರಲಿ. ಬರಿಯ ವೃತ್ತವನ್ನು ತಿರುಗಿಸಿದರೂ ವೃತ್ತವೇ. ಓರೆಯಾದ ಮೊಗ್ಗನ್ನು ತಿರುಗಿಸಿದರೆ ನಾಲ್ಕು ದಿಕ್ಕು ಸಿಗುತ್ತವೆ, ಒಂದೇ ಅಚ್ಚಿನಿಂದ ನಾಲ್ಕು ಮಾತು ಆಡಿಸಬಹುದು.

ಆಕೃತಿಯನ್ನು 2ಬಿ ಪೆನ್ಸಿಲಿನಲ್ಲಿ ತೆಳು ಕಾಗದದ ಮೇಲೆ ಬಿಡಿಸಿ, ಮಗುಚಿ ರಬ್ಬರಿನ ಮೇಲೆ ಒತ್ತಿ ಉಗುರಿನಿಂದ ತಿಕ್ಕಿದರೆ ಗುರುತು ಮೂಡುತ್ತದೆ. ಅಂಚಿನ ಗೆರೆಯನ್ನು ಬ್ಲೇಡಿನಿಂದ 2–3 ಮಿಮೀ ಆಳಕ್ಕೆ ಕತ್ತರಿಸಿ, ಆಮೇಲೆ ಹೊರಗಿನ ಭಾಗವನ್ನು ಪಕ್ಕದಿಂದ ಸೀಳಿ ತೆಗೆಯಿರಿ. ಬ್ಲೇಡನ್ನು ಆಕೃತಿಯಿಂದ ಹೊರಮುಖವಾಗಿ ಓರೆ ಹಿಡಿಯಬೇಕು. ಆಗ ಅಚ್ಚಿನ ಬುಡ ಅಗಲವಾಗಿ ನಿಲ್ಲುತ್ತದೆ. ಒಳಮುಖವಾಗಿ ಕೊರೆದರೆ ಬುಡ ಸಣ್ಣಗಾಗಿ, ಒತ್ತಿದಾಗ ಅಂಚು ಬಾಗಿ ಮಸಕು ಮುದ್ರೆ ಬರುತ್ತದೆ, ಇಪ್ಪತ್ತು ಸಲ ಒತ್ತುವಷ್ಟರಲ್ಲಿ ಮುರಿಯಲೂಬಹುದು.

ಬಣ್ಣ ಮೊಸರಿನ ಹದಕ್ಕಿರಲಿ. ಸ್ಪಂಜಿಗೆ ಬಣ್ಣ ಹಚ್ಚಿ, ಅದರ ಮೇಲೆ ಅಚ್ಚನ್ನು ತಟ್ಟಿ. ಅಚ್ಚನ್ನೇ ತಟ್ಟೆಯ ಬಣ್ಣದಲ್ಲಿ ಅದ್ದಿದರೆ ಕೊರೆದ ಸಂದುಗಳು ತುಂಬಿ ಮೊಗ್ಗು ಗುಡ್ಡೆಯಾಗುತ್ತದೆ. ಒಂದು ಸಲ ತಟ್ಟಿದರೆ ಮೊದಲ ಮುದ್ರೆ ಗಾಢ, ಎರಡನೆಯದು ಹದ, ಮೂರನೆಯದು ಮಸುಕು. ಇದನ್ನು ದೋಷವೆಂದು ತಿಳಿಯದೆ ಬೇಕೆಂದೇ ಬಳಸಿ: ಗಾಢ, ಹದ, ಮಸುಕು, ಗಾಢ, ಹದ, ಮಸುಕು ಎಂದು ಸಾಲು ಹಾಕಿದರೆ ಒಂದು ಬಣ್ಣದಲ್ಲೇ ಮೂರೆಣಿಕೆಯ ತಾಳ ಸಿಕ್ಕಂತಾಯಿತು.

ಮೊದಲ ಹಾಳೆ: ಸಮಲಯ

126 ಮನೆಗಳಲ್ಲೂ ಒಂದೇ ದಿಕ್ಕಿಗೆ ಕಪ್ಪಿನಲ್ಲಿ ಅಚ್ಚು ಒತ್ತಿ. ಅರ್ಧ ಗಂಟೆಯ ಕೆಲಸ. ಮುಗಿದ ಮೇಲೆ ಗೋಡೆಗೆ ಅಂಟಿಸಿ ಎಂಟು ಹೆಜ್ಜೆ ಹಿಂದೆ ಬನ್ನಿ. ಕಣ್ಣು ಎಲ್ಲೂ ನಿಲ್ಲದೆ ಜಾರುತ್ತದೆ. ಬಟ್ಟೆಗೆ, ನೆಲದ ಹೆಂಚಿಗೆ ಇದು ಗುಣ. ಚಿತ್ರಕ್ಕೆ ಇಷ್ಟೇ ಆದರೆ ಸಾಲದು.

ಈಗ ಎಡದಿಂದ 9ನೇ, ಮೇಲಿನಿಂದ 4ನೇ ಮನೆಗೆ ಬಿಳಿ ಕಾಗದದ 25 ಮಿಮೀ ಚೌಕ ಅಂಟಿಸಿ ಮುಚ್ಚಿ. ನಡುಮಧ್ಯಕ್ಕೆ ಹತ್ತಿರ, ಆದರೆ ನಡುಮಧ್ಯವಲ್ಲ. ಇಡೀ ಹಾಳೆ ಆ ಒಂದು ಖಾಲಿ ಮನೆಯತ್ತ ತಿರುಗುತ್ತದೆ. ತುಂಬಿದ ಸಭೆಯಲ್ಲಿ ಒಂದು ಕುರ್ಚಿ ಖಾಲಿ ಬಿಟ್ಟ ಹಾಗೆ.

ಎರಡನೇ ಹಾಳೆ: ಮಿಶ್ರಛಾಪು

ಸಂಗೀತ ಕೇಳುವವರಿಗೆ, ಯಕ್ಷಗಾನ ನೋಡುವವರಿಗೆ ತಾಳದ ಎಣಿಕೆ ಮೈಯಲ್ಲೇ ಇರುತ್ತದೆ. ಅದನ್ನು ಕಾಗದಕ್ಕೆ ಇಳಿಸುವುದು ಕಷ್ಟವಲ್ಲ. ಮಿಶ್ರಛಾಪು 7 ಅಕ್ಷರದ, ಅಂದರೆ 7 ಎಣಿಕೆಯ ತಾಳ, 3+2+2. ಪ್ರತಿ ಗುಂಪಿನ ಮೊದಲ ಎಣಿಕೆಗೆ ತಟ್ಟು. ನಮ್ಮ ಹಾಳೆಯಲ್ಲಿ 14 ಮನೆಗಳಿವೆ. ಸರಿಯಾಗಿ ಎರಡು ಆವರ್ತ. ತಟ್ಟು ಬೀಳುವ ಮನೆಯಲ್ಲಿ ಮಾತ್ರ ಅಚ್ಚು ಒತ್ತಿ. ಅಂದರೆ ಮೊದಲ ಸಾಲಿನಲ್ಲಿ 1, 4, 6, 8, 11, 13ನೇ ಮನೆಗಳು. ಉಳಿದವು ಖಾಲಿ.

ಎರಡನೇ ಸಾಲಿನಲ್ಲೂ ಅದೇ ಮನೆಗಳಿಗೆ ಒತ್ತಿದರೆ ನೆಟ್ಟಗೆ ನಿಂತ ಸರಳುಗಳಾಗುತ್ತವೆ, ಜೈಲಿನ ಕಿಟಕಿಯಂತೆ. ಅದಕ್ಕೆ ಪ್ರತಿ ಸಾಲಿಗೂ ಒಂದು ಮನೆ ಬಲಕ್ಕೆ ಸರಿಸಿ: ಎರಡನೇ ಸಾಲು 2, 5, 7, 9, 12, 14. ಮೂರನೆಯದರಲ್ಲಿ ಕೊನೆಯದು ಹಾಳೆಯಿಂದ ಹೊರಗೆ ಬೀಳುತ್ತದೆ, ಅದನ್ನು ಎಡತುದಿಗೆ ತನ್ನಿ: 1, 3, 6, 8, 10, 13. ಹೀಗೆಯೇ ಮುಂದುವರಿದರೆ 8ನೇ ಸಾಲಿಗೆ ಮೊದಲಿನದೇ ಮರಳಿ ಬರುತ್ತದೆ, ಏಕೆಂದರೆ ಆವರ್ತ 7ರದ್ದು. 9 ಸಾಲಿಗೆ ಒಟ್ಟು 54 ಮುದ್ರೆ, 72 ಖಾಲಿ ಮನೆ. ದೂರದಿಂದ ನೋಡಿ: ಎಡದಿಂದ ಬಲಕ್ಕೆ ಇಳಿಯುವ ಓರೆ ಸಾಲುಗಳು, ನಡುವೆ ಒಂದು ಅಗಲ ತೆರಪು, ಎರಡು ಕಿರಿದು, ಮತ್ತೆ ಅಗಲ. ಅಚ್ಚು ಮೊದಲಿನದೇ, ಬಣ್ಣವೂ ಮೊದಲಿನದೇ. ಚಿತ್ರ ಮಾತ್ರ ನಡೆಯಲು ಶುರುಮಾಡಿದೆ.

ಈ ಹಾಳೆಯ ಲಯವನ್ನು ಎಲ್ಲಿ ಮುರಿಯುವುದು? ಅದೇ ಜಾಗದಲ್ಲಿ, 4ನೇ ಸಾಲಿನ 9ನೇ ಮನೆಯಲ್ಲಿ. ಅಲ್ಲಿ ಅಚ್ಚು ಬಂದೇ ಬರುತ್ತದೆ. ಆದರೆ ಇಲ್ಲಿ ಖಾಲಿ ಬಿಟ್ಟು ಪ್ರಯೋಜನವಿಲ್ಲ. 72 ಖಾಲಿ ಮನೆಗಳ ನಡುವೆ 73ನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಮುರಿಯುವ ವಿಧಾನವನ್ನು ಹಾಳೆಯೇ ಹೇಳುತ್ತದೆ: ತುಂಬಿದ ಹಾಳೆಯಲ್ಲಿ ಖಾಲಿ ಮನೆ, ತೆರಪಾದ ಹಾಳೆಯಲ್ಲಿ ಬಣ್ಣ ಅಥವಾ ದಿಕ್ಕು. ಆ ಒಂದು ಮೊಗ್ಗನ್ನು ಕಾವಿಯಲ್ಲಿ ಒತ್ತಿ, ಇಲ್ಲವೇ ಕಪ್ಪಿನಲ್ಲೇ ಕಾಲು ಸುತ್ತು ತಿರುಗಿಸಿ ಒತ್ತಿ. ಎರಡನ್ನೂ ಒಟ್ಟಿಗೆ ಮಾಡಬೇಡಿ. ಇನ್ನೊಂದು ಮುರಿವು ಬೇಕೇಬೇಕು ಅನ್ನಿಸಿದರೆ ದೂರದ ಮೂಲೆಯಲ್ಲಿ, ಮೊದಲಿನದಕ್ಕಿಂತ ಸೌಮ್ಯವಾಗಿ ಇರಲಿ. ಮೂರಾದರೆ ಅದು ಇನ್ನೊಂದು ಪ್ಯಾಟರ್ನ್ ಆಗಿಬಿಡುತ್ತದೆ.

ಇದೇ ರೀತಿ ಖಂಡಛಾಪು, 2+3, ಹಾಕಿ ನೋಡಬಹುದು. 14ನ್ನು 5 ಭಾಗಿಸುವುದಿಲ್ಲ, ಕೊನೆಯ ಆವರ್ತ ಒಂದು ಮನೆ ಮೊದಲೇ ಅಂಚಿಗೆ ಕತ್ತರಿಸಿಹೋಗುತ್ತದೆ. ಹಾಗೆ ಕತ್ತರಿಸಿಹೋದ ಕಡೆ ಚಿತ್ರ ಚೌಕಟ್ಟಿನಾಚೆಗೂ ಮುಂದುವರಿದಿದೆ ಎಂಬ ಭಾವನೆ ಬರುತ್ತದೆ. ಮುಗಿದಂತೆ ಕಾಣಬೇಕಾದರೆ ಭಾಗಿಸುವ ಎಣಿಕೆ, ಹರಿಯುತ್ತ ಹೋಗಬೇಕಾದರೆ ಭಾಗಿಸದ ಎಣಿಕೆ ಆರಿಸಿ.

ಕುಗ್ಗುತ್ತ ಹೋಗುವ ಲಯ

ದಾದರ್ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತರೆ ಕಂಬಗಳು ಸಣ್ಣದಾಗುತ್ತ ದೂರ ಹೋಗುತ್ತವೆ. ಇದನ್ನು ಬಿಡಿಸುವಾಗ ತೀರಾ ಸಾಮಾನ್ಯವಾದ ತಪ್ಪು ಒಂದಿದೆ: ಕಂಬಗಳನ್ನು ಕುಗ್ಗಿಸಿ, ನಡುವಿನ ಅಂತರವನ್ನು ಹಾಗೇ ಬಿಡುವುದು. ಆಗ ದೂರ ಕಾಣುವುದಿಲ್ಲ, ಎತ್ತರದ ಪ್ರಕಾರ ನಿಲ್ಲಿಸಿದ ಮಕ್ಕಳ ಸಾಲು ಕಾಣುತ್ತದೆ.

ಸರಿಯಾದ ಅಂತರಕ್ಕೆ ಲೆಕ್ಕ ಬೇಡ, ಸ್ಕೇಲು ಸಾಕು. ಮೊದಲ ಎರಡು ಕಂಬ ನಿಲ್ಲಿಸಿ. ಎರಡರ ತಲೆ ಸೇರಿಸುವ ಗೆರೆ, ಬುಡ ಸೇರಿಸುವ ಗೆರೆ ದಿಗಂತದಲ್ಲಿ ಒಂದು ಬಿಂದುವಿಗೆ ಕೂಡಲಿ. ಎರಡನೇ ಕಂಬದ ನಟ್ಟನಡುವೆ ಚುಕ್ಕಿ ಇಡಿ. ಮೊದಲ ಕಂಬದ ತಲೆಯಿಂದ ಆ ಚುಕ್ಕಿಯ ಮೂಲಕ ಹಾಯುವ ಗೆರೆ, ಬುಡದ ಗೆರೆಯನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಮೂರನೇ ಕಂಬ. ಎರಡನೆಯದರಿಂದ ಹೀಗೇ ಮಾಡಿದರೆ ನಾಲ್ಕನೆಯದು.

ದೂರ ತೋರಿಸುವ ಉದ್ದೇಶವಿಲ್ಲದೆ ಬರಿಯ ಅಲಂಕಾರಕ್ಕಾದರೆ ಮುಕ್ಕಾಲರ ಲೆಕ್ಕ ಚೆನ್ನಾಗಿ ಒದಗುತ್ತದೆ: 100, 75, 56, 42, 32, 24 ಮಿಮೀ. ತೆರಪುಗಳನ್ನೂ ಅದೇ ಮುಕ್ಕಾಲರಲ್ಲಿ ಇಳಿಸಬೇಕು.

ಹರಿಯುವ ಲಯ

ಮುಂಬೈಯಿಂದ ಉತ್ತರಕ್ಕೆ, ಪಾಲ್ಘರ್ ಸೀಮೆಯ ವಾರ್ಲಿ ಬುಡಕಟ್ಟಿನವರ ಚಿತ್ರಗಳಲ್ಲಿ ತಾರ್ಪಾ ಎಂಬ ಊದುವಾದ್ಯ ನುಡಿಸುವವನ ಸುತ್ತ ಸುರುಳಿಯಾಗಿ ಕುಣಿಯುವವರ ಸಾಲು ಇರುತ್ತದೆ. ವೃತ್ತ, ತ್ರಿಕೋನ, ಚೌಕ, ಅಕ್ಕಿಹಿಟ್ಟಿನ ಬಿಳಿ, ಇಷ್ಟರಲ್ಲೇ ಎಲ್ಲವೂ. ಜಿವ್ಯಾ ಸೋಮಾ ಮಾಶೆ (1934–2018) ಆ ಗೋಡೆಚಿತ್ರವನ್ನು ಕಾಗದ, ಬಟ್ಟೆಗೆ ತಂದು ಜಗತ್ತಿಗೆ ತೋರಿಸಿದವರು. ಮಲೆನಾಡಿನ ಚಿತ್ತಾರ ನೋಡಿದ ಕಣ್ಣಿಗೆ ಇದು ಹತ್ತಿರದ ನೆಂಟನಂತೆ ಕಾಣುತ್ತದೆ.

ಅಭ್ಯಾಸಕ್ಕೆ ಮೊದಲು ಸುರುಳಿ ಎಳೆದು, ಅದರ ಉದ್ದಕ್ಕೂ 12 ಮಿಮೀಗೊಂದು ಪಾದದ ಗುರುತು ಹಾಕಿ. ಒಬ್ಬೊಬ್ಬರ ಮೈ ಆ ಜಾಗದಲ್ಲಿ ಗೆರೆಗೆ ಲಂಬವಾಗಿ, ನಡೆಯುವ ದಿಕ್ಕಿಗೆ ತುಸುವೇ ವಾಲಿ ನಿಲ್ಲಲಿ. ಎಲ್ಲರನ್ನೂ ಕಾಗದದ ಮೇಲಂಚಿನ ಕಡೆಗೆ ನೆಟ್ಟಗೆ ನಿಲ್ಲಿಸಿದರೆ ಸುರುಳಿ ಸತ್ತುಹೋಗುತ್ತದೆ. ಇನ್ನೊಂದು ಎಚ್ಚರ: ತಲೆಗಳು ಒಳಮುಖವಾಗಿದ್ದರೆ, ಸುರುಳಿ ಬಿಗಿಯಾದಂತೆ ತಲೆಗಳು ಒಂದಕ್ಕೊಂದು ತಗಲುತ್ತವೆ. ಒಳಸುತ್ತಿನಲ್ಲಿ ಪಾದದ ಅಂತರ 16–18 ಮಿಮೀಗೆ ಹೆಚ್ಚಿಸಿದರೆ ತಲೆಗಳ ನಡುವಿನ ತೆರಪು ಸಮವಾಗಿ ಕಾಣುತ್ತದೆ. ಕಣ್ಣು ಓದುವುದು ಆ ತೆರಪನ್ನು.

ಗೆರೆಯಲ್ಲೇ ಲಯ ಕಾಣಬೇಕಾದರೆ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಹುಡುಕಿ ನೋಡಿ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲೇ ಕಲಿಸಿ, ಈ ಊರಲ್ಲೇ ಬಾಳಿದವರು. ಲಯವನ್ನು ಅರಿಯಲು ಕಥಕ್ ಕಲಿತವರು. ಅವರ ನರ್ತಕಿಯರ ಚಿತ್ರದಲ್ಲಿ ಒಂದೇ ಗೆರೆ ಭುಜದಿಂದ ಸೊಂಟಕ್ಕೆ, ಅಲ್ಲಿಂದ ನಿರಿಗೆಗೆ ಓಡುತ್ತದೆ. ಒಂದು ಚಿತ್ರದ ಮೇಲೆ ಟ್ರೇಸಿಂಗ್ ಕಾಗದ ಇಟ್ಟು, ಆಕೃತಿಯನ್ನು ಬಿಟ್ಟು ಬಾಗುಗಳನ್ನಷ್ಟೇ ಎಣಿಸಿ ಗುರುತಿಸಿ. ಒಂದು ಬಾಗು ಎಡಕ್ಕೆ, ಮುಂದಿನದು ಬಲಕ್ಕೆ. ಆಮೇಲೆ ಅವುಗಳ ಉದ್ದ ಅಳೆಯಿರಿ.

ಬಟ್ಟೆಯ ಮೇಲಿನ ಪ್ಯಾಟರ್ನ್

ಚಾಳಿನ ಕಟಾಂಜನಕ್ಕೆ ಒಣಹಾಕಿದ ಚೌಕುಳಿ ಸೀರೆ. ಇದು ಎಲ್ಲರನ್ನೂ ಸೆಳೆಯುತ್ತದೆ, ಎಲ್ಲರನ್ನೂ ಸೋಲಿಸುತ್ತದೆ. ಸೋಲಲು ಕಾರಣ, ಚೌಕಗಳನ್ನು ಮೊದಲು ಎಳೆದು ಆಮೇಲೆ ನೆರಳು ಹಚ್ಚುವುದು. ಆಗ ಸೀರೆ ಹಲಗೆಯಾಗುತ್ತದೆ. ಮಡಿಕೆಯ ಏಣುಗಳನ್ನು ಮೊದಲು ಎಳೆಯಿರಿ. ಅಡ್ಡಪಟ್ಟಿ ಒಂದು ಏಣಿಗೆ ಬಂದಾಗ ಅಲ್ಲೇ ನಿಂತು, ಮಡಿಕೆಯ ಆಚೆ ಬದಿಯಲ್ಲಿ ತುಸು ಕೆಳಗೋ ಮೇಲೋ ಮತ್ತೆ ಶುರುವಾಗಬೇಕು. ನೇರ ದಾಟಬಾರದು. ಉದ್ದಪಟ್ಟಿಗಳು ನಮ್ಮತ್ತ ಉಬ್ಬಿದ ಕಡೆ ಅಗಲವಾಗಿ, ತಿರುವಿನಲ್ಲಿ ಇಕ್ಕಟ್ಟಾಗಿ ಬರುತ್ತವೆ. ಎರಡು ಮಡಿಕೆ ಸರಿಯಾಗಿ ಮಾಡಿದರೆ ಉಳಿದದ್ದನ್ನು ಸಡಿಲ ಬಿಡಬಹುದು, ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ. ಸೀರೆಯ ಹಿಂದಿನ ಸರಳುಗಳು ಎಡಕ್ಕೂ ಬಲಕ್ಕೂ ಒಂದೇ ಅಂತರದಲ್ಲಿ ಇರಲಿ. ಸರಳಿನ ಸಮಲಯ ಗಟ್ಟಿಯಿದ್ದರೆ ಮಾತ್ರ ಸೀರೆ ಅದನ್ನು ಮುರಿದದ್ದು ಗೊತ್ತಾಗುತ್ತದೆ.

ಜೋಡಣೆ ಕಾಣದ ಪ್ಯಾಟರ್ನ್

10 ಸೆಂಮೀ ಚೌಕದ ಕಾಗದದ ನಡುವೆ, ಅಂಚು ಮುಟ್ಟದಂತೆ ಹೂವು ಎಲೆ ಬಿಡಿಸಿ. ನೆಟ್ಟಗೆ ಎರಡು ತುಂಡು ಮಾಡಿ, ಎಡಬಲ ಅದಲುಬದಲು ಮಾಡಿ, ಹಿಂಬದಿಯಿಂದ ಟೇಪು ಹಾಕಿ. ನಡುವೆ ಖಾಲಿಯಾದ ಜಾಗ ತುಂಬಿ. ಈಗ ಅಡ್ಡಲಾಗಿ ಕತ್ತರಿಸಿ, ಮೇಲೆ ಕೆಳಗೆ ಬದಲಿಸಿ, ಮತ್ತೆ ತುಂಬಿ. ಈ ಚೌಕ ಎಷ್ಟು ಜೋಡಿಸಿದರೂ ಕೂಡುಗೆರೆ ಕಾಣುವುದಿಲ್ಲ. 12 ಝೆರಾಕ್ಸ್ ತೆಗೆಸಿ, 100 ಶೇಕಡಾ ಅಳತೆಗೇ ಬೇಕೆಂದು ಹೇಳಿ. ‘ಹಾಳೆಗೆ ಹೊಂದಿಸು’ ಎಂಬ ಆಯ್ಕೆ ಇದ್ದರೆ ಯಂತ್ರ ಅಳತೆ ಬದಲಿಸಿಬಿಡುತ್ತದೆ. 4 × 3 ಜೋಡಿಸಿದರೆ 400 × 300 ಮಿಮೀ. ಎ3ಗೆ 3 ಮಿಮೀ ಹೆಚ್ಚಾಗುತ್ತದೆ, ಕೆಳಗಿನಿಂದ ಕತ್ತರಿಸಿ.

ದೂರದಿಂದ ನೋಡಿದಾಗ ಉದ್ದಕ್ಕೆ ಬಿಳಿ ಓಣಿಗಳು ಕಂಡರೆ ಅದು ಅಂಚಿನ ಕಡೆ ತುಂಬಿದ್ದು ಸಾಲದೆ ಆದದ್ದು. ತಿದ್ದಲು ಸುಲಭದ ದಾರಿ ನಮ್ಮ ಅಂಗಳದಲ್ಲೇ ಇದೆ. ರಂಗೋಲಿಯಲ್ಲಿ ನೇರ ಚುಕ್ಕಿ ಇದೆ, ಸಂದು ಚುಕ್ಕಿ ಇದೆ. ಎಡದಿಂದ ಎರಡನೇ ಉದ್ದಸಾಲನ್ನು ಅರ್ಧ ಚೌಕ, ಅಂದರೆ 5 ಸೆಂಮೀ, ಕೆಳಗಿಳಿಸಿ ಸಂದು ಚುಕ್ಕಿಯಂತೆ ಜೋಡಿಸಿ. ಓಣಿಗಳು ಒಡೆಯುತ್ತವೆ. ಆದರೆ ಪಕ್ಕದ ಅಂಚುಗಳು ಈಗ ಬೇರೆ ಜಾಗದಲ್ಲಿ ಕೂಡುತ್ತವೆ, ಅಲ್ಲಿ ದಾಟುವ ಕೊಂಬೆಗಳಿದ್ದರೆ ತುಂಡಾದಂತೆ ಕಾಣುತ್ತವೆ. ಸಂದು ಜೋಡಣೆ ಮಾಡುವುದಿದ್ದರೆ ಎಡಬಲ ಅಂಚನ್ನು ಏನೂ ದಾಟದಂತೆ ಮೊದಲೇ ನೋಡಿಕೊಳ್ಳಿ.

ಕೆಟ್ಟಿದ್ದೆಲ್ಲಿ ಎಂದು ಹುಡುಕುವುದು

ಕಪ್ಪುಬಿಳುಪು ಪಟ್ಟಿಗಳು ಕಣ್ಣಿಗೆ ಅದುರಿದಂತೆ ಕಾಣುತ್ತಿದ್ದರೆ ಪಟ್ಟಿಯೂ ತೆರಪೂ ಒಂದೇ ಅಗಲ ಇರುತ್ತವೆ. ತೆರಪನ್ನು ಒಂದೂವರೆ ಪಟ್ಟು ಮಾಡಿ, ಇಲ್ಲವೇ ಕಪ್ಪಿಗೆ ಸ್ವಲ್ಪ ಕಾವಿ ಬೆರೆಸಿ. ಯಾವುದು ಮುಖ್ಯ ಎಂದೇ ತಿಳಿಯದಿದ್ದರೆ ಕಣ್ಣು ಅರ್ಧ ಮುಚ್ಚಿ ನೋಡಿ. ಆಗಲೂ ಎದ್ದು ಕಾಣುವ ಕಲೆ ಯಾವುದೋ ಅದೇ ಮುಖ್ಯ, ನಿಮ್ಮ ಇಷ್ಟ ಬೇರೆ ಇದ್ದರೂ. ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದಾಗ ಕಾವಿಯ ಮುರಿವು ಮಾಯವಾದರೆ, ಅದು ಬರಿಯ ಬಣ್ಣದಿಂದ ನಿಂತಿದೆ, ಗಾಢತೆಯಲ್ಲಿ ವ್ಯತ್ಯಾಸವಿಲ್ಲ ಎಂದರ್ಥ. ಕಾವಿಗೆ ಹಳದಿ ಸೇರಿಸಿ ತಿಳಿಯಾಗಿಸಿ ಅದೇ ಜಾಗದಲ್ಲಿ ಮತ್ತೊಮ್ಮೆ ಒತ್ತಿ.

ಕೊನೆಯ ಪರೀಕ್ಷೆ ಕೈಯದ್ದು. ಹಾಳೆಯ ಒಂದು ಸಾಲನ್ನು ಎಡದಿಂದ ಬಲಕ್ಕೆ ಒಂದೇ ವೇಗದಲ್ಲಿ ನೋಡುತ್ತ, ಆಕೃತಿ ಬಂದಲ್ಲಿ ತೊಡೆಯ ಮೇಲೆ ತಟ್ಟಿ. ಎರಡನೇ ಹಾಳೆಯಲ್ಲಿ ಮಿಶ್ರಛಾಪು ಕೇಳಿಸಬೇಕು. ಕೈ ಎಡವಿದ ಮನೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಸ್ಕೇಲು ಇಟ್ಟು ಆ ಮನೆಯ ಎಡ ತೆರಪು ಅಳೆಯಿರಿ, ಬಲ ತೆರಪು ಅಳೆಯಿರಿ.